ಚಕ್ರದ ಸೀಮೆಯಲ್ಲಿ ಚಕ್ರಪಥ

ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವು ಐವತ್ತು ರೂಪಾಯಿಯ ನೋಟನ್ನೇರಿ ದೇಶವನ್ನೆಲ್ಲ ಸುತ್ತುತ್ತಿದೆ. ಆದರೆ ಅದರ ಗಾಲಿಗಳು ನಿಂತು ಬಹುಕಾಲವಾಯಿತು. ಒಂದು ಕಾಲಕ್ಕೆ ಕೈಯಿಂದ ನೂಕಿದರೆ ಅವು ತಿರುಗುತ್ತಿದ್ದವೆಂದೂ, ನೋಡಬಂದವರ ಹುಮ್ಮಸ್ಸಿಗೆ ಕಲ್ಲು ಸವೆದೀತೆಂಬ ಭಯದಿಂದ ಅವನ್ನು ಬಿಗಿದು ನಿಲ್ಲಿಸಲಾಯಿತೆಂದೂ ಮಾರ್ಗದರ್ಶಕರು ಹೇಳುತ್ತಾರೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಸಂಸಾರಗಳು ಆ ಗಾಲಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಬಿಸಿಲಿಗೆ ಬೆವರೊರೆಸಿಕೊಂಡು ಹಿಂದಿರುಗುತ್ತವೆ. ದೇವಾಲಯದಿಂದ ಹೊರಬಿದ್ದೊಡನೆ ಮಾತ್ರ ತಿರುಗುವ ಗಾಲಿಗಳಿಗೆ ಕೊರತೆಯಿಲ್ಲ. ಬಾಡಿಗೆಯ ಬೈಸಿಕಲ್ಲೇರಿದ ಪರದೇಶದ ಯುವತಿ, ಇಪ್ಪತ್ತು ವರ್ಷಗಳ ಬಳಿಕ ಹ್ಯಾಂಡಲ್ ಹಿಡಿದು ಹೆಂಡತಿ ಮಕ್ಕಳ ನಗೆಗೆ ಗುರಿಯಾದ ಗುಮಾಸ್ತ, ಕ್ಯಾರಿಯರಿನ ಮೇಲೆ ಬಾಳೆಗೊನೆ ಕಟ್ಟಿಕೊಂಡು ಯಾರ ಗೊಡವೆಯೂ ಇಲ್ಲದೆ ಸಾಗುವ ಕಮಲಾಪುರದ ರೈತ - ಇವರೆಲ್ಲ ಒಂದೇ ಹಾದಿಯಲ್ಲಿ ಕಾಣಸಿಗುತ್ತಾರೆ.

ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರು. ಕಂಪ್ಲಿಗೆ ಮೂವತ್ತಕ್ಕೆ ತುಸು ಹೆಚ್ಚು. ಸಂಡೂರಿಗೆ ಮೂವತ್ತಕ್ಕೆ ತುಸು ಕಡಮೆ. ಗಟ್ಟಿ ಕಾಲಿನವನು ಬೆಳಿಗ್ಗೆ ಹೊರಟರೆ ಯಾವ ಊರನ್ನಾದರೂ ಮುಟ್ಟಿ ಸಂಜೆಗೆ ಮನೆ ಸೇರಬಹುದಾದ ದೂರಗಳು ಇವು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪಿಗಳು ಒಂದು ಕಡೆಗೂ ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯ ಕಡೆಗೂ ಉಳಿದವು. ಬೈಸಿಕಲ್ಲಿಗೆ ಈ ಗಡಿಯ ಅರಿವಿಲ್ಲ. ಈ ನಾಲ್ಕು ಊರುಗಳ ನಡುವೆ ಅದು ಹಾಲು, ಮೇವು, ಸೌದೆ, ಬಾಳೆಯೆಲೆ, ಶಾಲೆಯ ಚೀಲ ಮೊದಲಾದವುಗಳನ್ನೆಲ್ಲ ಹೊತ್ತಿದೆ. ತಳವಾರಘಟ್ಟದಲ್ಲಿ ಹರಿಗೋಲನ್ನೇರಿ ತುಂಗಭದ್ರೆಯನ್ನೂ ದಾಟಿ ಆನೆಗುಂದಿಯನ್ನು ಸೇರಿದೆ. ಬುಟ್ಟಿಯಂಥ ಆ ದೋಣಿಯಲ್ಲಿ ಹತ್ತು ಮಂದಿಯ ನಡುವೆ ಒಂದು ಬೈಸಿಕಲ್ಲು ನಿಂತಿರುವುದನ್ನು ಕಂಡರೆ, ಗಾಲಿಯು ತನಗಿಂತ ಹಿರಿಯದಾದ ಇನ್ನೊಂದು ಗಾಲಿಯ ಮೇಲೆ ಸವಾರಿ ಮಾಡುತ್ತಿರುವಂತೆ ತೋರುತ್ತದೆ.

ಬೈಸಿಕಲ್ಲು ಹೊರುವ ಪ್ರಾಣಿ ಮಾತ್ರವಲ್ಲ, ಓಡುವ ಪ್ರಾಣಿಯೂ ಹೌದು. ಲೋಕದ ಅನೇಕ ನಗರಗಳು ಅದರ ಓಟಕ್ಕೆಂದೇ ಒಂದು ವಿಶೇಷವಾದ ಅಂಗಣವನ್ನು ಕಟ್ಟಿಕೊಂಡಿವೆ. ಅದಕ್ಕೆ ವೆಲೋಡ್ರೋಮ್ ಎಂದು ಹೆಸರು. ಅಂಡಾಕಾರದ ಬೋಗುಣಿಯೊಂದರ ಒಳಗೋಡೆಯ ಮೇಲೆ ರಸ್ತೆ ಹಾಕಿದಂತೆ ಅದರ ರೂಪ. ಹೊಸಪೇಟೆಯ ಸೀಮೆಯಲ್ಲಿ ಅಂಥದೊಂದು ಇಲ್ಲ. ಇಲ್ಲದುದರ ಬಗೆಗೆ ಬರೆಯುವುದೇಕೆಂದು ಯಾರಾದರೂ ಕೇಳಿದರೆ, ಅದು ಇರಬೇಕಾಗಿದ್ದ ಬಯಲುಗಳು ಇಲ್ಲಿ ಸಾಕಷ್ಟಿವೆಯೆಂಬುದೇ ಉತ್ತರ.

ಜನರು ಕುಳಿತು ನೋಡುವ ಅಂಗಣವೆಂಬುದು ಈ ನೆಲಕ್ಕೆ ಹೊಸದಲ್ಲ. 1443ರಲ್ಲಿ ಪಾರಸೀಕ ದೇಶದ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡನು. ವಿಶಾಲವಾದ ಬಯಲಿನಲ್ಲಿ ಮೂರರಿಂದ ಐದು ಅಂತಸ್ತುಗಳ ಮಂಟಪಗಳು ಎದ್ದಿದ್ದವೆಂದೂ, ಅವುಗಳ ಮೇಲೆ ಚಿತ್ರಗಳು ತುಂಬಿದ್ದವೆಂದೂ, ಕೆಲವು ಮಂಟಪಗಳು ತಿರುಗಿ ನೋಡುಗರಿಗೆ ಹೊಸ ಹೊಸ ಮುಖಗಳನ್ನು ತೋರುತ್ತಿದ್ದವೆಂದೂ ಆತನು ಬರೆದಿಟ್ಟಿದ್ದಾನೆ. ತಿರುಗುವ ಮಂಟಪ! ಇದನ್ನು ಓದಿದ ಮೇಲೆ ಕಲ್ಲಿನ ರಥದ ನಿಂತ ಗಾಲಿ ಅಷ್ಟೊಂದು ಸೋಜಿಗವೆನಿಸುವುದಿಲ್ಲ. ಮುಂದೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದೇ ಹಬ್ಬದಲ್ಲಿ ಜಟ್ಟಿಗಳ ಕಾಳಗವನ್ನೂ ಸಿಂಗರಿಸಿದ ಕುದುರೆಗಳ ಮೆರವಣಿಗೆಯನ್ನೂ ಕಂಡನು. ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ವರ್ಣಿಸಿದವನೂ ಅವನೇ. ಹೊತ್ತು ಮೂಡುವ ಮುನ್ನವೇ ಅರಸನು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ತೀಡಿಸಿಕೊಂಡು, ಭಾರವಾದ ಮಣ್ಣಿನ ಗುಂಡುಗಳನ್ನೆತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ, ಕಡೆಗೆ ಕುದುರೆಯೇರಿ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಅತ್ತಿಂದಿತ್ತ ನಾಗಾಲೋಟದಲ್ಲಿ ಓಡುತ್ತಿದ್ದನಂತೆ. ಇಂದಿನ ಓಟಗಾರರ ತರಬೇತುದಾರನೊಬ್ಬನು ಈ ದಿನಚರಿಯನ್ನು ಓದಿದರೆ, ಎಣ್ಣೆಯೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಒಪ್ಪಿಗೆ ಕೊಟ್ಟಾನು.

ಆ ಮಂಟಪಗಳಲ್ಲಿ ಒಂದೂ ಉಳಿಯಲಿಲ್ಲ. ಮಹಾನವಮಿ ದಿಬ್ಬದ ಕಲ್ಲಿನ ಜಗಲಿಗಳು ಮಾತ್ರ ಉಳಿದಿವೆ. ಅವುಗಳ ಮೈಮೇಲೆ ಕುದುರೆ, ಆನೆ, ಬೇಟೆಗಾರರು, ನರ್ತಕಿಯರು ಸಾಲುಸಾಲಾಗಿ ನಡೆದೇ ಇದ್ದಾರೆ. ಮೆಟ್ಟಿಲೇರಿ ಮೇಲೆ ನಿಂತರೆ ಸುತ್ತಲೂ ಬಟ್ಟಬಯಲು. ಯಾವುದನ್ನು ನೋಡಲೆಂದು ಅಷ್ಟು ಜನ ಕೂಡುತ್ತಿದ್ದರೋ ಅದು ನಡೆದ ಜಾಗವು ಬರಿಯ ನೆಲವಾಗಿದೆ.

ವಿಜಯನಗರ ಅಳಿದು ನಾಲ್ಕು ಶತಮಾನಗಳಾದ ಮೇಲೆ ಈ ಸೀಮೆಯ ಬಯಲುಗಳಲ್ಲಿ ಮತ್ತೊಂದು ಬಗೆಯ ಅಂಗಣ ಕಾಣಿಸಿಕೊಂಡಿತು. ಅದಕ್ಕೆ ಕಲ್ಲೂ ಬೇಡ, ಮರವೂ ಬೇಡ. ನಡುವೆ ನೆಟ್ಟ ಒಂದು ಕಂಬ, ಕಂಬದ ತುದಿಯಲ್ಲಿ ದೀಪ, ಎರಡು ಧ್ವನಿವರ್ಧಕಗಳು, ಸುತ್ತಲೂ ಒಂದು ಹಗ್ಗ ಇದ್ದರೆ ಸಾಕು. ಅದೇ ಸೈಕಲ್ ಸರ್ಕಸ್ಸು. ಉತ್ತರ ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಬಾಲ್ಯ ಕಳೆದ ಹಿರಿಯರಲ್ಲಿ ಇದನ್ನು ನೋಡದವರು ವಿರಳ. ಎಲ್ಲಿಂದಲೋ ಬಂದ ಒಬ್ಬ ಯುವಕನು ಮೂರು ದಿನ, ಐದು ದಿನ, ಹಲವೊಮ್ಮೆ ಏಳು ದಿನ ಹಗಲಿರುಳೂ ಬೈಸಿಕಲ್ಲಿನಿಂದ ಇಳಿಯದೆ, ನೆಲಕ್ಕೆ ಕಾಲು ತಾಗಿಸದೆ ಸುತ್ತುತ್ತಿದ್ದನು. ಸ್ನಾನ ಅದರ ಮೇಲೆಯೇ. ಊಟವೂ ಕ್ಷೌರವೂ ಅದರ ಮೇಲೆಯೇ. ಓಡುತ್ತಿರುವ ಗಾಡಿಯಿಂದ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವುದು, ಹ್ಯಾಂಡಲಿಗೆ ಬೆನ್ನು ಮಾಡಿ ಕುಳಿತು ತುಳಿಯುವುದು, ಕೂಸೊಂದನ್ನು ತಾಯಿಯ ಕೈಯಿಂದ ಎತ್ತಿಕೊಂಡು ಒಂದು ಸುತ್ತು ಹಾಕಿ ಮರಳಿ ಕೊಡುವುದು - ಇವೆಲ್ಲ ಸಂಜೆಯ ವಿಶೇಷಗಳು. ಜನರು ಜೋಳವನ್ನೋ, ಹಳೆಯ ಅಂಗಿಯನ್ನೋ, ಎಂಟಾಣೆ ಒಂದು ರೂಪಾಯಿಯನ್ನೋ ಕೊಡುತ್ತಿದ್ದರು. ಕೊಟ್ಟವರ ಹೆಸರು ಧ್ವನಿವರ್ಧಕದಲ್ಲಿ ಮೊಳಗುತ್ತಿತ್ತು. ಬಹುಮಂದಿ ಕೊಡುತ್ತಿದ್ದುದು ಅದಕ್ಕಾಗಿಯೇ.

ನಡುರಾತ್ರಿಯಲ್ಲಿ ಅವನು ಇಳಿದು ಮಲಗುತ್ತಾನೋ ಇಲ್ಲವೋ ಎಂಬುದು ಊರ ಹುಡುಗರ ಮುಂದಿದ್ದ ಮಹಾಪ್ರಶ್ನೆ. ಅದನ್ನು ಕಂಡುಹಿಡಿಯಲೆಂದು ಕಂಬಳಿ ಹೊದ್ದು ಬಯಲಿನ ಅಂಚಿನಲ್ಲಿ ಕಾದು ಕುಳಿತವರು ಮುಂಜಾನೆ ಎಚ್ಚೆತ್ತು ನೋಡಿದಾಗ ಅವನು ಸುತ್ತುತ್ತಲೇ ಇರುತ್ತಿದ್ದನು. ನಿದ್ದೆ ಹೋದವರು ಹುಡುಗರೇ ಆದುದರಿಂದ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಆಟಕ್ಕೂ ಲಂಡನ್ ನಗರದ ಒಂದು ಪಂದ್ಯಕ್ಕೂ ಇರುವ ಹೋಲಿಕೆ ಬೆರಗುಗೊಳಿಸುವಂಥದು. 1878ರ ಫೆಬ್ರವರಿಯಲ್ಲಿ ಡೇವಿಡ್ ಸ್ಟಾಂಟನ್ ಎಂಬ ಸವಾರನು, ಆರು ದಿನಗಳಲ್ಲಿ ಸಾವಿರ ಮೈಲಿ ತುಳಿಯುತ್ತೇನೆಂದು ನೂರು ಪೌಂಡಿನ ಪಣ ಕಟ್ಟಿ, ಇಸ್ಲಿಂಗ್ಟನ್ನಿನ ಕೃಷಿ ಪ್ರದರ್ಶನದ ಮಂದಿರದಲ್ಲಿ ಎತ್ತರದ ಗಾಲಿಯ ಸೈಕಲ್ಲೇರಿ ಸುತ್ತತೊಡಗಿದನು. ದನಗಳನ್ನು ಕಟ್ಟಿ ತೋರಿಸುತ್ತಿದ್ದ ಜಾಗ ಅದು. ಸವಾರಿಯ ಹೊತ್ತನ್ನು ಕೂಡಿಸಿದರೆ 73 ಗಂಟೆಗಳಲ್ಲಿ ಸಾವಿರ ಮೈಲಿಯನ್ನು ಮುಗಿಸಿ ಆತನು ಪಣವನ್ನು ಗೆದ್ದನು. ಏಳು ದಿನ ಬಿಟ್ಟು ಆರೇ ದಿನ ಏಕೆಂದರೆ, ಭಾನುವಾರ ಅವರಿಗೆ ವಿಶ್ರಾಂತಿಯ ದಿನ. ಅಲ್ಲಿಂದ ಹುಟ್ಟಿದ ಆರು ದಿನಗಳ ಓಟವು ಸಮುದ್ರವನ್ನು ದಾಟಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಹೋಯಿತು. ಅಲ್ಲಿ ಸವಾರರು ನಿದ್ದೆಗೆಟ್ಟು ಭ್ರಮೆ ಹಿಡಿದವರಂತೆ ಸುತ್ತುವುದನ್ನು ಕಂಡ ಸರಕಾರವು, ಒಬ್ಬನು ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ತುಳಿಯಬಾರದೆಂದು ಶಾಸನ ಮಾಡಿತು. ಪಂದ್ಯದ ವ್ಯವಸ್ಥಾಪಕರೇನೂ ಸೋಲಲಿಲ್ಲ. ಇಬ್ಬರು ಸವಾರರ ಜೋಡಿ ಮಾಡಿ, ಒಬ್ಬನು ದಣಿದಾಗ ಇನ್ನೊಬ್ಬನು ಇಳಿಯುವ ಪದ್ಧತಿಯನ್ನು 1899ರಲ್ಲಿ ತಂದರು. ಇಂದಿಗೂ ಒಲಿಂಪಿಕ್ಸಿನಲ್ಲಿ ನಡೆಯುವ ಜೋಡಿಗಳ ಓಟಕ್ಕೆ ಮ್ಯಾಡಿಸನ್ ಎಂದೇ ಹೆಸರು. ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದಲ್ಲಿ ಆರು ದಿನಗಳ ಹಬ್ಬವು ವಾದ್ಯ ಪಾನೀಯ ಕೋಲಾಹಲಗಳೊಡನೆ ನಡೆಯುತ್ತ ಬಂದಿದೆ.

ಹಾಗಾದರೆ ಇಸ್ಲಿಂಗ್ಟನ್ನಿನ ಸ್ಟಾಂಟನ್ನನಿಗೂ ಬಯಲಿನ ಸೈಕಲ್ ಸರ್ಕಸ್ಸಿನ ಯುವಕನಿಗೂ ಇದ್ದ ಅಂತರವೇನು? ಕಾಲಿನ ಬಲದಲ್ಲಿ ಅಂತರವಿತ್ತೆಂದು ಹೇಳಲು ಆಧಾರವಿಲ್ಲ. ಒಬ್ಬನ ಸುತ್ತುಗಳನ್ನು ಎಣಿಸಿದರು. ಇನ್ನೊಬ್ಬನ ಸುತ್ತುಗಳನ್ನು ಯಾರೂ ಎಣಿಸಲಿಲ್ಲ. ಒಬ್ಬನು ಸಾವಿರ ಮೈಲಿ ತುಳಿದನೆಂಬುದು ಒಂದೂವರೆ ಶತಮಾನದ ಮೇಲೂ ತಿಳಿದಿದೆ. ಇನ್ನೊಬ್ಬನು ಏಳು ದಿನಗಳಲ್ಲಿ ಎಷ್ಟು ದೂರ ಹೋದನೆಂಬುದು ಅವನಿಗೇ ತಿಳಿಯದು. ಏಳನೆಯ ದಿನ ಅವನನ್ನು ಇಬ್ಬರು ಹಿಡಿದು ಇಳಿಸುತ್ತಿದ್ದರು, ಕೊರಳಿಗೆ ಹೂವಿನ ಹಾರ ಬೀಳುತ್ತಿತ್ತು, ಮರುದಿನ ಅವನು ಮುಂದಿನ ಊರಿಗೆ ಹೋಗುತ್ತಿದ್ದನು.

ವೆಲೋಡ್ರೋಮನ್ನು ಕ್ರೀಡಾಂಗಣವೆನ್ನುವುದಕ್ಕಿಂತ ಒಂದು ಅಳತೆಗೋಲೆನ್ನುವುದು ಹೆಚ್ಚು ಸರಿ. ರಸ್ತೆಯಲ್ಲಿ ಸವಾರನನ್ನು ತಡೆಯುವ ಸಂಗತಿಗಳು ನೂರಾರು - ಗುಂಡಿ, ಏರು, ಎದುರುಗಾಳಿ, ಎಮ್ಮೆ, ಲಾರಿ. ಇವುಗಳ ನಡುವೆ ಇಂಥವನು ಇಷ್ಟು ವೇಗದವನೆಂದು ಖಂಡಿತವಾಗಿ ಹೇಳುವುದೆಂತು? ಆದುದರಿಂದ ರಸ್ತೆಯಿಂದ ಇವೆಲ್ಲವನ್ನೂ ಒಂದೊಂದಾಗಿ ತೆಗೆದುಹಾಕುತ್ತ ಬಂದರು. ಕಡೆಗೆ ಉಳಿದುದು ನುಣುಪಾದ ಒಂದು ಪಥ, ಒಂದು ಬೈಸಿಕಲ್ಲು, ಒಬ್ಬ ಮನುಷ್ಯ. ಬೈಸಿಕಲ್ಲಿನಿಂದಲೂ ಬೇಡವಾದುದನ್ನು ಕಿತ್ತರು. ಅದಕ್ಕೆ ಬ್ರೇಕಿಲ್ಲ, ಗೇರು ಬದಲಿಸುವ ಸಾಧನವಿಲ್ಲ, ಫ್ರೀವೀಲೂ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲನ್ನು ಸುಮ್ಮನಿಟ್ಟು ಜಾರುವ ಸುಖ ಅಲ್ಲಿಲ್ಲ. ನಿಲ್ಲಬೇಕಾದರೆ ಪೆಡಲನ್ನು ಕಾಲಿನಿಂದ ತಡೆಯುತ್ತ ನಿಧಾನಿಸಬೇಕು.

ಪಥವನ್ನು ವಾಲಿಸಿ ಕಟ್ಟುವುದಕ್ಕೂ ಕಾರಣವುಂಟು. ತಿರುವಿನಲ್ಲಿ ವೇಗವಾಗಿ ಹೋಗುವ ಸವಾರನು ಒಳಗಡೆಗೆ ವಾಲಲೇಬೇಕೆಂಬುದನ್ನು ಬೈಸಿಕಲ್ಲು ಕಲಿತವರೆಲ್ಲ ಬಲ್ಲರು. ಸಮತಟ್ಟಾದ ನೆಲದಲ್ಲಿ ಮಿತಿಮೀರಿ ವಾಲಿದರೆ ಟೈರು ಜಾರುತ್ತದೆ. ನೆಲವೇ ಸವಾರನೊಡನೆ ವಾಲಿದರೆ ಜಾರುವ ಭಯವಿಲ್ಲ. ಜಾತ್ರೆಯ ಸಾವಿನ ಬಾವಿಯಲ್ಲಿ ಮೋಟಾರ್ ಸೈಕಲ್ಲಿನವನು ನಿಂತ ಗೋಡೆಯ ಮೇಲೆ ಓಡುವುದೂ ಇದೇ ಸೂತ್ರದಿಂದ. ಒಲಿಂಪಿಕ್ಸಿಗೆ ಒಪ್ಪುವ 250 ಮೀಟರುಗಳ ಪಥದಲ್ಲಿ ತಿರುವುಗಳು ಸುಮಾರು 42 ಡಿಗ್ರಿ ಕಡಿದಾಗಿರುತ್ತವೆ. ಅಷ್ಟು ಕಡಿದಾದ ಮರದ ಹಲಗೆಯ ಮೇಲೆ ನಿಧಾನವಾಗಿ ಹೋಗುವವನು ಕೆಳಕ್ಕೆ ಜಾರಿ ಬೀಳುತ್ತಾನೆ. ಗಂಟೆಗೆ ಮೂವತ್ತು ಕಿಲೋಮೀಟರಿನಷ್ಟಾದರೂ ವೇಗವಿದ್ದರೆ ಮಾತ್ರ ಆ ಪಥವು ಅವನನ್ನು ಹಿಡಿದುಕೊಳ್ಳುತ್ತದೆ. ಬಯಲಿನ ಸರ್ಕಸ್ಸಿನ ಸವಾರನಾದರೋ ಚಪ್ಪಟೆ ನೆಲದಲ್ಲಿ, ಇಕ್ಕಟ್ಟಾದ ವರ್ತುಲದಲ್ಲಿ ಸುತ್ತಬೇಕಾಗಿತ್ತು. ವೇಗವಾಗಿ ಹೋಗಬೇಕೆಂದರೂ ನೆಲ ಬಿಡುತ್ತಿರಲಿಲ್ಲ.

ಪಥದ ಒಳಅಂಚಿನಿಂದ 20 ಸೆಂಟಿಮೀಟರು ದೂರದಲ್ಲಿ ಕಪ್ಪು ಗೆರೆಯೊಂದನ್ನು ಎಳೆದಿರುತ್ತಾರೆ. ದೂರವನ್ನು ಅಳೆಯುವುದು ಆ ಗೆರೆಯ ಮೇಲೆ. ಒಬ್ಬನೇ ಸವಾರನು ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಲ್ಲನೆಂಬ ದಾಖಲೆಗೆ ಆ ಕ್ರೀಡೆಯಲ್ಲಿ ಬಹಳ ಗೌರವ. 1942ರ ನವೆಂಬರಿನಲ್ಲಿ, ಯುದ್ಧದ ನಡುವೆ, ಇಟಲಿಯ ಫಾಸ್ಟೊ ಕೊಪ್ಪಿ ಮಿಲಾನಿನ ವಿಗೊರೆಲ್ಲಿ ವೆಲೋಡ್ರೋಮಿನಲ್ಲಿ 45.798 ಕಿಲೋಮೀಟರು ತುಳಿದನು. 1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಗಾಳಿ ತೆಳುವಾಗಿರುವ ಮೆಕ್ಸಿಕೊ ನಗರವನ್ನು ಆರಿಸಿಕೊಂಡು 49.431 ಕಿಲೋಮೀಟರು ಸಾಧಿಸಿದನು. 2022ರ ಅಕ್ಟೋಬರಿನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್ಲೆಂಡಿನ ಗ್ರೆಂಖೆನ್ನಿನಲ್ಲಿ ಅದನ್ನು 56.792ಕ್ಕೆ ಏರಿಸಿದನು. ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಹಿಂದಿರುಗುವ ದೂರ ಹೆಚ್ಚುಕಡಮೆ ಅಷ್ಟೇ. ಅದನ್ನು ಒಂದು ಗಂಟೆಯಲ್ಲಿ ಮುಗಿಸುವುದೆಂದರೆ ಬಸ್ಸಿನ ಚಾಲಕನಿಗೂ ಕಷ್ಟ.

ಈ ಅಂಗಣಗಳೆಲ್ಲ ಸಂತೋಷದ ನೆನಪುಗಳನ್ನೇ ಉಳಿಸಿಲ್ಲ. ಐಫೆಲ್ ಗೋಪುರದ ಸಮೀಪದಲ್ಲಿ ಪ್ಯಾರಿಸ್ಸಿಗರು ಕಟ್ಟಿಕೊಂಡಿದ್ದ ಚಳಿಗಾಲದ ವೆಲೋಡ್ರೋಮಿನಲ್ಲಿ ಆರು ದಿನಗಳ ಓಟಕ್ಕೆ ಸಹಸ್ರಾರು ಮಂದಿ ನೆರೆಯುತ್ತಿದ್ದರು. 1942ರ ಜುಲೈ 16 ಮತ್ತು 17ರಂದು ಅಲ್ಲಿನ ಪೋಲೀಸರು 13,000ಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದು, ಮಕ್ಕಳಿದ್ದ ಸಂಸಾರಗಳನ್ನೆಲ್ಲ ಆ ಮುಚ್ಚಿದ ಮಂದಿರದೊಳಗೆ ತುಂಬಿದರು. ಬೇಸಗೆಯ ಸೆಕೆಯಲ್ಲಿ, ನೀರು ಆಹಾರಗಳಿಗೆ ಪರದಾಡುತ್ತ ಅವರು ಅಲ್ಲಿ ದಿನಗಟ್ಟಲೆ ಕಳೆದರು. ಅಲ್ಲಿಂದ ಅವರನ್ನು ಸಾಗಿಸಿದುದು ಶಿಬಿರಗಳಿಗೆ, ಶಿಬಿರಗಳಿಂದ ಸಾವಿಗೆ. 1959ರಲ್ಲಿ ಆ ಕಟ್ಟಡವನ್ನು ಕೆಡವಿದರು. ಮಾಂಟ್ರಿಯಲ್ ನಗರವು 1976ರ ಒಲಿಂಪಿಕ್ಸಿಗೆಂದು ಕಟ್ಟಿದ ವೆಲೋಡ್ರೋಮಿನದು ಬೇರೆಯ ಗತಿ. 1992ರಿಂದ ಅದು ಗಿಡಮರ ಪ್ರಾಣಿಪಕ್ಷಿಗಳ ಪ್ರದರ್ಶನಾಲಯವಾಗಿದೆ. ಜಪಾನ್ ಮಾತ್ರ 1948ರಲ್ಲಿ ಕೊಕುರಾ ಪಟ್ಟಣದಲ್ಲಿ ಪಣದ ಸೈಕಲ್ ಓಟವನ್ನು ಆರಂಭಿಸಿ, ಯುದ್ಧದಿಂದ ಬಳಲಿದ್ದ ಊರುಗಳಿಗೆ ಅದರಿಂದ ಹಣವನ್ನು ಕೂಡಿಸಿತು. ಕೈರಿನ್ ಎಂದು ಹೆಸರಾದ ಆ ಓಟಕ್ಕಾಗಿ ಅಲ್ಲಿ ನಲವತ್ತಕ್ಕೂ ಹೆಚ್ಚು ಪಥಗಳಿವೆ.

ಕಂಪ್ಲಿಯ ಕಡೆಗೆ ತಿರುಗಿದರೆ ಇಂಥ ಕಡಿದಾದ ನೆಲದ ಮಾತೇ ಮರೆಯುತ್ತದೆ. ಕಮಲಾಪುರದ ಕೆರೆಯನ್ನು ಬಿಟ್ಟು, ರಾಮಸಾಗರವನ್ನು ದಾಟಿ ಸಾಗುವ ಹಾದಿಯ ಉದ್ದಕ್ಕೂ ಬಾಳೆ, ಕಬ್ಬು, ಭತ್ತದ ಗದ್ದೆಗಳು. ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಏರಿಳಿತವಿಲ್ಲದ ಈ ಹಾದಿ ಬೈಸಿಕಲ್ಲು ಕಲಿಯುವವರಿಗೆಂದೇ ಮಾಡಿದಂತಿದೆ. ಕಂಪ್ಲಿಯ ಹೊಳೆಯ ದಂಡೆಯಲ್ಲಿ ಕೋಟೆಯ ಅವಶೇಷಗಳಿವೆ. ಕಂಪಿಲರಾಯನ ಮಗ ಕುಮಾರರಾಮನ ಕಥೆ ಈ ಸೀಮೆಯ ಮನೆಮನೆಗೂ ಗೊತ್ತು. ಅವನ ಬಾಳಿನ ದುರಂತ ಮೊದಲಾದುದೂ ಒಂದು ಆಟದಿಂದಲೇ ಅಲ್ಲವೇ? ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಹೋಗಿ ಬಿತ್ತು. ಅದನ್ನು ತರಲು ಹೋದ ರಾಜಕುಮಾರನ ಮೇಲೆ ಅಪವಾದ ಬಂದಿತು. ಆಟಕ್ಕೆಂದು ಒಂದು ಸುತ್ತುಗೋಡೆಯ ಅಂಗಣವಿದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತೆಂದು ಯಾರಾದರೂ ಕುಚೋದ್ಯ ಮಾಡಿಯಾರು.

ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯು, ಹೊಸಪೇಟೆಯ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಮುಳುಗಿಬಿಡುತ್ತದೆ. ಆಗ ಆಚೆ ಈಚೆಯ ಜನ ಬೈಸಿಕಲ್ಲುಗಳನ್ನು ನಿಲ್ಲಿಸಿಕೊಂಡು ನೀರಿಳಿಯುವುದನ್ನು ಕಾಯುತ್ತಾರೆ.

ಸಂಡೂರಿನ ದಾರಿಯ ಬಗೆಯೇ ಬೇರೆ. ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟು ಗುಡ್ಡಗಳನ್ನೇರಿ ಇಳಿದರೆ, ನಾಲ್ಕು ದಿಕ್ಕಿಗೂ ಬೆಟ್ಟಗಳಿಂದ ಆವೃತವಾದ ನೀಳವಾದ ಕಣಿವೆಯೊಂದು ಕಾಣುತ್ತದೆ. ಸುತ್ತಲೂ ಎತ್ತರದ ಅಂಚು, ನಡುವೆ ತಗ್ಗಾದ ನೆಲ, ಎರಡು ಕಡೆ ಸೀಳಿದ ಇಕ್ಕಟ್ಟಾದ ಗಂಡಿಗಳು - ಭೀಮಗಂಡಿ, ಓಬಳಗಂಡಿ. ಪ್ರಕೃತಿಯೇ ಒಂದು ವೆಲೋಡ್ರೋಮನ್ನು ಕಟ್ಟಹೊರಟು, ಅಳತೆ ತಪ್ಪಿ ಬಹಳ ದೊಡ್ಡದಾಗಿ ಮಾಡಿಬಿಟ್ಟಿತೋ ಎನ್ನಿಸುವ ನೋಟ. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಊರು ಇದು. ಗಾಂಧೀಜಿಯವರು 1934ರಲ್ಲಿ ಇಲ್ಲಿಗೆ ಬಂದಿದ್ದರು. ಬೆಟ್ಟದ ಮೇಲಣ ಕುಮಾರಸ್ವಾಮಿಯ ಗುಡಿ, ಲಂಬಾಣಿ ಹೆಂಗಸರ ಕನ್ನಡಿ ಕೆಲಸದ ಕಸೂತಿ, ಮಳೆ ನಿಂತ ಮೇಲಿನ ಹಸುರು, ಇವುಗಳನ್ನು ನೋಡಲು ಬರುವವರು ಬೇರೆ. ಮಣ್ಣಿಗಾಗಿ ಬಂದವರೇ ಹೆಚ್ಚು.

ಈ ಕೆಂಪು ಮಣ್ಣಿನಲ್ಲಿ ಕಬ್ಬಿಣವಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದಿರಿಗೆ ಬೆಲೆ ಏರಿದಾಗ ಈ ದಾರಿಗಳಲ್ಲಿ ಲಾರಿಗಳ ಸಾಲು ಮುಗಿಯುವಂತೆಯೇ ಇರಲಿಲ್ಲ. ರಸ್ತೆಯ ಅಂಚಿನ ಗಿಡಗಳು ಎಲೆಯ ಬಣ್ಣವನ್ನು ಮರೆತವು. ಬೈಸಿಕಲ್ಲಿನ ಸವಾರನು ಮೂಗಿಗೆ ವಸ್ತ್ರ ಕಟ್ಟಿ, ಲಾರಿಯ ಸದ್ದು ಕೇಳಿದೊಡನೆ ರಸ್ತೆಯನ್ನು ಬಿಟ್ಟು ಮಣ್ಣಿಗಿಳಿಯಬೇಕಾಗಿತ್ತು. 2011ರ ಜುಲೈ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅನೇಕರಿಗೆ ಕೆಲಸ ಹೋಯಿತು. ದಾರಿಯಲ್ಲಿ ಉಸಿರಾಟ ಮಾತ್ರ ಹಗುರವಾಯಿತು. ಮುಂದೆ ನ್ಯಾಯಾಲಯದ ಕಟ್ಟುಪಾಡುಗಳಂತೆ ಗಣಿಗಳು ಮತ್ತೆ ತೆರೆದವು, ಲಾರಿಗಳೂ ಮರಳಿದವು.

ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಅದಿರನ್ನು ಉಕ್ಕು ಮಾಡುವ ದೊಡ್ಡ ಕಾರ್ಖಾನೆಯಿದೆ. ಅದರ ನೆರೆಯಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ದೇಶದ ಮೂಲೆಮೂಲೆಗಳಿಂದ ಆಯ್ದ ಎಳೆಯರು ಅಲ್ಲಿದ್ದು ಸಾಧನೆ ಮಾಡುತ್ತಾರೆ. ಈಟಿ ಎಸೆತದ ನೀರಜ್ ಚೋಪ್ರಾ ಕೂಡ ಅಲ್ಲಿ ಪಳಗಿದವರೇ. ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್ - ಇವುಗಳಿಂದ ಆ ಸಂಸ್ಥೆ ಮೊದಲಾಯಿತು. ಜಟ್ಟಿಗಳ ಕಾಳಗವನ್ನು ನೋಡಿದ ಪಾಯಸ್ ಇಂದು ಬಂದಿದ್ದರೆ ಕುಸ್ತಿಯ ಅಂಕಣವನ್ನು ಗುರುತಿಸುತ್ತಿದ್ದನು. ಸೈಕಲ್ಲಿನ ಓಟ ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಕಬ್ಬಿಣವಿದೆ, ಉಕ್ಕಿದೆ, ಬೆಟ್ಟ ಬಯಲುಗಳಿವೆ, ಕಾಲುಗಳಿವೆ; 250 ಮೀಟರುಗಳ ವಾಲಿದ ನೆಲವೊಂದಿಲ್ಲ.

ಈ ಕೊರತೆ ಹೊಸಪೇಟೆಯೊಂದರದಲ್ಲ. ಭಾರತದ ಸವಾರರು 1948ರ ಲಂಡನ್ ಒಲಿಂಪಿಕ್ಸಿನಲ್ಲಿಯೇ ಹರ್ನ್ ಹಿಲ್ಲಿನ ಹಳೆಯ ಪಥದ ಮೇಲೆ ಓಡಿದ್ದರೂ, ಸ್ವದೇಶದಲ್ಲಿ ಅಂಥ ಪಥಗಳು ಬೆರಳೆಣಿಕೆಯಷ್ಟೇ ಆದವು. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡೆಗಳಿಗಾಗಿ ಯಮುನಾ ವೆಲೋಡ್ರೋಮ್ ಎದ್ದಿತು. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗೆಂದು ಇಂದಿರಾ ಗಾಂಧಿ ಕ್ರೀಡಾಂಗಣದ ಆವರಣದಲ್ಲಿ ಮರದ ಹಲಗೆಯ, ಮಾಡು ಹೊದಿಸಿದ, 250 ಮೀಟರುಗಳ ಪಥ ಬಂದಿತು. ಪುಣೆ, ಹೈದರಾಬಾದು, ಪಟಿಯಾಲಾ, ಲೂಧಿಯಾನಾ, ತಿರುವನಂತಪುರಗಳಲ್ಲಿ ಕಾಂಕ್ರೀಟಿನ ತೆರೆದ ಪಥಗಳಾದವು.

ಒಂದು ಪಥ ಏನು ಮಾಡಬಲ್ಲುದೆಂಬುದಕ್ಕೆ ದೆಹಲಿಯ ಆ ಮರದ ಹಲಗೆಗಳೇ ಸಾಕ್ಷಿ. ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ 2004ರ ಸುನಾಮಿಯನ್ನು ಮರವೊಂದನ್ನು ಅಪ್ಪಿಕೊಂಡು ಬದುಕುಳಿದ ಬಾಲಕಿ ದೆಬೋರಾ ಹೆರಾಲ್ಡ್, ಬೆಳೆದು ದೆಹಲಿಯ ಪಥಕ್ಕೆ ಬಂದು, 2015ರ ಹೊತ್ತಿಗೆ 500 ಮೀಟರು ಓಟದಲ್ಲಿ ಲೋಕದ ಮುಂಚೂಣಿಯ ಸವಾರರ ಸಾಲಿಗೆ ಸೇರಿದಳು. ಅದೇ ದ್ವೀಪಗಳ ಎಸೋ ಆಲ್ಬೆನ್ 2018ರಲ್ಲಿ ಕಿರಿಯರ ವಿಶ್ವಸ್ಪರ್ಧೆಯ ಕೈರಿನ್‌ನಲ್ಲಿ ಬೆಳ್ಳಿ ಗೆದ್ದನು. 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ಪಟ್ಟಣದಲ್ಲಿ ಆತನೂ ಮಣಿಪುರದ ರೊನಾಲ್ಡೊ ಸಿಂಗ್, ರೋಜಿತ್ ಸಿಂಗರೂ ಕೂಡಿ ತಂಡದ ಸ್ಪ್ರಿಂಟಿನಲ್ಲಿ ಚಿನ್ನವನ್ನೇ ತಂದರು. ರೊನಾಲ್ಡೊ 2022ರಲ್ಲಿ ದೆಹಲಿಯಲ್ಲಿಯೇ ನಡೆದ ಏಷ್ಯಾ ಸ್ಪರ್ಧೆಯ ಸ್ಪ್ರಿಂಟಿನಲ್ಲಿ ಬೆಳ್ಳಿ ಪಡೆದನು. ದ್ವೀಪದಲ್ಲಿಯೂ ಮಣಿಪುರದ ಬೆಟ್ಟಗಳ ನಡುವೆಯೂ ಇದ್ದ ಬಲವನ್ನು ಯಾರೋ ತಂದು ಅಳತೆಗೋಲಿನ ಮೇಲೆ ಇಟ್ಟರು. ಅದು ಎಷ್ಟೆಂದು ಆಗ ಲೋಕಕ್ಕೆ ತಿಳಿಯಿತು.

ಕರ್ನಾಟಕದಲ್ಲಿ ಸೈಕಲ್ ಓಟದ ತವರೆಂದರೆ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು. ಹೊಸಪೇಟೆಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರು. ಜಾತ್ರೆಗಳಲ್ಲಿ ಗುಂಡು ಎತ್ತುವ ಪಂದ್ಯ, ಬಂಡಿ ಓಟಗಳ ಜೊತೆಗೆ ಸೈಕಲ್ ಓಟವೂ ಅಲ್ಲಿ ನಡೆಯುತ್ತದೆ. ಗೆದ್ದವನಿಗೆ ನಗದು, ಊರವರ ಶಹಬಾಸ್. ಅಂಥ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ವಿಜಯಪುರದ ಸರಕಾರಿ ಕ್ರೀಡಾನಿಲಯದಲ್ಲಿದ್ದು, ನಸುಕಿನಲ್ಲಿ ಹೆದ್ದಾರಿಗಿಳಿದು ಸಾಧನೆ ಮಾಡಿ, ರಾಷ್ಟ್ರೀಯ ಸ್ಪರ್ಧೆಗಳಿಂದ ಪದಕಗಳನ್ನು ಹೊತ್ತು ತಂದಿದ್ದಾರೆ. ಅವರಿಗಾಗಿ ವಿಜಯಪುರದಲ್ಲಿ ಒಂದು ವೆಲೋಡ್ರೋಮ್ ಕಟ್ಟುವ ಕೆಲಸ ಆರಂಭವಾಗಿ ವರ್ಷಗಳ ಮೇಲೆ ವರ್ಷಗಳು ಉರುಳಿದವು. ಪಥ ಸಿದ್ಧವಾಗುವ ಮುನ್ನ ಎಷ್ಟೋ ಸವಾರರು ಅದರ ಮೇಲೆ ಓಡುವ ವಯಸ್ಸನ್ನೇ ದಾಟಿದರು. ಪಥದ ಓಟವನ್ನು ಹೆದ್ದಾರಿಯಲ್ಲಿ ಕಲಿತು, ಸ್ಪರ್ಧೆಯ ಹಿಂದಿನ ದಿನ ಪರವೂರಿನ ವಾಲಿದ ನೆಲವನ್ನು ಮೊದಲ ಸಲ ಹತ್ತುವುದೆಂದರೆ, ಕೆರೆಯನ್ನೇ ಕಾಣದವನು ಈಜಿನ ಪಂದ್ಯಕ್ಕೆ ಹೋದಂತೆ. ಆದರೂ ಅವರು ಹೋದರು, ಗೆದ್ದರು.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಶಾಲೆಗಳಲ್ಲಿಯೂ ಬೈಸಿಕಲ್ಲಿನ ಒಂದು ಕಾಲ ಬಂದು ಹೋಯಿತು. 2006-07ರಲ್ಲಿ ಆರಂಭವಾದ ಯೋಜನೆಯಂತೆ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿತು. ಹಳ್ಳಿಯ ಹುಡುಗಿಯರು ಸಾಲಾಗಿ ಶಾಲೆಗೆ ಬರುವ ನೋಟವನ್ನು ಈ ರಸ್ತೆಗಳು ಹತ್ತು ಹದಿಮೂರು ವರ್ಷ ಕಂಡವು. ಕೊರೋನಾ ಬೇನೆಯ ಕಾಲದಲ್ಲಿ ಆ ಹಂಚಿಕೆ ನಿಂತಿತು. ಅಪ್ಪನ ದೊಡ್ಡ ಗಾಡಿಯ ಚೌಕಟ್ಟಿನೊಳಗಿಂದ ಕಾಲು ತೂರಿಸಿ, ಒಂದು ಕಡೆಗೆ ವಾಲಿಕೊಂಡೇ ತುಳಿಯುವ ಪುಟ್ಟ ಸವಾರರು ಕಂಪ್ಲಿಯ ದಾರಿಯಲ್ಲಿ ಈಗಲೂ ಸಿಗುತ್ತಾರೆ.

ಅಂಥವರಲ್ಲಿ ಒಬ್ಬನು ಓಟಗಾರನಾಗಬಯಸಿದರೆ ಹೊಸಪೇಟೆಯ ನಿಲ್ದಾಣದಿಂದ ಗದಗ, ಬಾಗಲಕೋಟೆಗಳ ಮೇಲೆ ವಿಜಯಪುರಕ್ಕೆ ರೈಲು ದಾರಿಯುಂಟು. ಬೈಸಿಕಲ್ಲನ್ನು ಸಾಮಾನಿನ ಡಬ್ಬಿಗೆ ಹಾಕುವ ಮುನ್ನ ತೂಕ ಮಾಡಿಸಿ, ಹೆಸರು ಊರು ಬರೆದ ಚೀಟಿಯನ್ನು ಹ್ಯಾಂಡಲಿಗೆ ಕಟ್ಟಿಸಬೇಕಾಗುತ್ತದೆ.